ಕ್ಯಾಟಲಾಗ್ ತಾನಾಗೇ ತುಂಬಲಿ, ಓನರ್ ಯಾರೆಂದು ತಂಡವೇ ಬರೆಯಲಿ

ರಾತ್ರಿ ಒಂದು ಸರ್ವಿಸ್ ಡೌನ್ ಆದರೆ ಮೊದಲ ಪ್ರಶ್ನೆ, ಇದು ಯಾವ ತಂಡದ್ದು? ಕಂಪನಿಯ ಸಾಫ್ಟ್‌ವೇರ್ ಸರ್ವಿಸ್‌ಗಳನ್ನೂ ಅವುಗಳ ಓನರ್‌ಗಳನ್ನೂ ಪಟ್ಟಿ ಮಾಡುವ ಸರ್ವಿಸ್ ಕ್ಯಾಟಲಾಗ್ ಇರುವುದೇ ಅದಕ್ಕೆ. ಆದರೆ ಸ್ಪ್ರೆಡ್‌ಶೀಟಿನಲ್ಲಿ ಕೈಯಾರೆ ತುಂಬಿದ ಪಟ್ಟಿ ಬೇಗ ಹಳತಾಗುತ್ತದೆ. ಕೋಡ್ ಬರೆಯುವವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ.

ಬೇಕಾದ ಮಾಹಿತಿ ಬಹುಪಾಲು ಆಗಲೇ ಎಲ್ಲೋ ಇರುತ್ತದೆ. ಯಾವ ಭಾಷೆಯ ಕೋಡ್ ಎಂಬುದು ಕೋಡ್ ಇಡುವ ಗಿಟ್‌ಹಬ್‌ಗೆ ಗೊತ್ತು. ಎಲ್ಲಿ ಓಡುತ್ತಿದೆ ಎಂಬುದು ಸರ್ವಿಸ್‌ಗಳನ್ನು ಸರ್ವರ್‌ಗಳಲ್ಲಿ ಓಡಿಸುವ ಕುಬರ್ನೆಟಿಸ್‌ಗೆ ಗೊತ್ತು. ಯಾವ ಸರ್ವಿಸ್ ಯಾವುದನ್ನು ಕರೆಯುತ್ತದೆ ಎಂಬುದು ಓಪನ್‌ಟೆಲಿಮೆಟ್ರಿ ಟ್ರೇಸ್‌ಗಳಲ್ಲಿ, ಅಂದರೆ ಕರೆಗಳ ಜಾಡಿನ ದಾಖಲೆಗಳಲ್ಲಿ, ಸಿಗುತ್ತದೆ. ಸ್ಪಾಟಿಫೈ 2020ರಲ್ಲಿ ಓಪನ್ ಸೋರ್ಸ್ ಮಾಡಿದ ಬ್ಯಾಕ್‌ಸ್ಟೇಜ್ ಎಂಬ ಕ್ಯಾಟಲಾಗ್ ಸಾಫ್ಟ್‌ವೇರ್ ಬಳಸುವವರು ಪ್ರತಿ ರೆಪೊದಲ್ಲೂ (ಕೋಡ್ ಇಡುವ ಫೋಲ್ಡರ್‌ನಲ್ಲೂ) ಒಂದು ಚಿಕ್ಕ ಯಾಮಲ್ ಫೈಲ್, ಅಂದರೆ ಸರಳ ಪಠ್ಯದ ಫೈಲ್, ಇಡುತ್ತಾರೆ. ಸರ್ವಿಸ್‌ನ ಹೆಸರು, ಬಗೆ, ಲೈಫ್‌ಸೈಕಲ್, ಓನರ್ ಎಲ್ಲ ಅದರಲ್ಲೇ. ಬ್ಯಾಕ್‌ಸ್ಟೇಜ್ ಆ ಫೈಲ್‌ಗಳನ್ನು ಹುಡುಕಿ ಓದಿಕೊಳ್ಳುತ್ತದೆ.

ಕಷ್ಟ ಶುರುವಾಗುವುದು ಇವನ್ನೆಲ್ಲ ಜೋಡಿಸುವಾಗ. ರೆಪೊದಲ್ಲಿ ‘ಪೇಮೆಂಟ್-ಎಪಿಐ’, ಕುಬರ್ನೆಟಿಸ್‌ನಲ್ಲಿ ‘ಪೇಮೆಂಟ್ಸ್’. ಟ್ರೇಸ್‌ನಲ್ಲೋ ‘ಅನ್‌ನೋನ್ ಸರ್ವಿಸ್’, ಯಾಕೆಂದರೆ ಯಾರೂ ಹೆಸರೇ ಕೊಟ್ಟಿಲ್ಲ! ಹೆಸರು ಹತ್ತಿರ ಇದೆ ಎಂದು ಸ್ಕ್ರಿಪ್ಟ್‌ನಿಂದ ಊಹಿಸಿ ಜೋಡಿಸಬೇಡಿ. ಎಲ್ಲ ಕಡೆಯೂ ಒಂದೇ ಐಡಿಯನ್ನು ಲೇಬಲ್ ಆಗಿ ಹಾಕಿಸಿ. ಬೇಜಾರಿನ ಕೆಲಸ ನಿಜ, ಆದರೆ ಮುಕ್ಕಾಲು ಜಗಳ ಅಲ್ಲಿಗೇ ಮುಗಿಯುತ್ತದೆ. ಯಾವ ಮಾಹಿತಿಯನ್ನು ಎಲ್ಲಿಂದ ತರುತ್ತೀರಿ ಎಂಬುದನ್ನೂ ಮೊದಲೇ ನಿರ್ಧರಿಸಿ. ಒಂದೇ ಫೀಲ್ಡ್‌ಗೆ ಎರಡು ಕಡೆಯಿಂದ ಬರೆದರೆ, ಕೊನೆಯಲ್ಲಿ ಓಡಿದ ಸ್ಕ್ರಿಪ್ಟ್ ಗೆಲ್ಲುತ್ತದೆ.

ಓನರ್ ಫೀಲ್ಡನ್ನು ಮಾತ್ರ ಮಷೀನ್‌ಗೆ ಬಿಡಬಾರದು. ಜಾಸ್ತಿ ಕಮಿಟ್ (ಕೋಡ್ ಬದಲಾವಣೆ) ಮಾಡಿದವರೇ ಓನರ್ ಎಂದುಕೊಂಡರೆ, ಲೈಬ್ರರಿ ಅಪ್‌ಡೇಟ್ ಮಾಡುವ ಬಾಟ್ ಮೊದಲ ಸ್ಥಾನಕ್ಕೆ ಬಂದೀತು. ರೆಪೊದಲ್ಲಿರುವ ಕೋಡ್‌ಓನರ್ಸ್ ಫೈಲ್ ನೋಡಿದರೆ ಆಗಲ್ವಾ ಎಂದು ಕೇಳುತ್ತಾರೆ. ಅದು ಹೇಳುವುದು ಕೋಡ್ ಬದಲಾವಣೆಗಳನ್ನು ರಿವ್ಯೂ ಮಾಡುವವರು ಯಾರು ಅಂತ. ರಾತ್ರಿ ಎದ್ದು ಸರಿ ಮಾಡುವವರು ಬೇರೆ ಇರಬಹುದು. ಆದ್ದರಿಂದ ತಂಡವೇ ಯಾಮಲ್ ಫೈಲಿನಲ್ಲಿ ಬರೆಯಲಿ. ವ್ಯಕ್ತಿಯ ಹೆಸರು ಬೇಡ, ತಂಡದ ಹೆಸರು ಸಾಕು. ಜನ ಕೆಲಸ ಬಿಡುತ್ತಾರೆ. ಆ ತಂಡ ನಿಜವಾಗಿ ಇದೆಯಾ ಎಂದು ಸಿಐ (ಕೋಡ್ ಬದಲಾದಾಗ ತಾನಾಗೇ ಓಡುವ ತಪಾಸಣೆ) ಪರೀಕ್ಷಿಸಲಿ. ಇಲ್ಲದಿದ್ದರೆ ಬಿಲ್ಡ್ ಫೇಲ್ ಆಗಲಿ. ನನ್ನ ಮಟ್ಟಿಗೆ ತಪ್ಪು ಓನರ್‌ಗಿಂತ ಖಾಲಿ ಫೀಲ್ಡೇ ವಾಸಿ. ಖಾಲಿ ಇದ್ದರೆ ಯಾರಾದರೂ ಕೇಳುತ್ತಾರೆ.

ಕ್ಯಾಟಲಾಗ್‌ನಿಂದ ಸರ್ವಿಸ್ ಅಳಿಸುವಾಗ ಮಾತ್ರ ಆತುರ ಬೇಡ. ಸ್ಕ್ಯಾನ್ ಮಾಡುವ ಸ್ಕ್ರಿಪ್ಟ್ ಬಳಸುವ ಟೋಕನ್‌ಗೆ (ಪ್ರವೇಶದ ಕೀಲಿಗೆ) ಕೆಲವು ರೆಪೊಗಳ ಅನುಮತಿ ತಪ್ಪಿದರೆ ಪಟ್ಟಿ ಅರ್ಧವೇ ಬರುತ್ತದೆ. ಉಳಿದ ಸರ್ವಿಸ್‌ಗಳು ಸತ್ತಿವೆ ಎಂದುಕೊಂಡು ಸ್ಕ್ರಿಪ್ಟ್ ಎಲ್ಲವನ್ನೂ ಒರೆಸಿಬಿಡಬಹುದು. ಕಾಣದ್ದನ್ನು ಮೊದಲು ‘ಅನಾಥ’ ಎಂದು ಗುರುತು ಹಾಕಿ. ಕೆಲವು ದಿನ ಕಾದು, ಅದು ಎಲ್ಲೂ ಓಡುತ್ತಿಲ್ಲ ಎಂದು ಖಚಿತವಾದ ಮೇಲೆ ತೆಗೆಯಿರಿ.