ಹೊಸ ಟರ್ಬೊ ಸೆಡಾನ್, ಐದು ಜನ, ಶಿರಾಡಿ ಘಾಟಿ: ಹೋಗಬಹುದಾ?

ಪ್ರಶ್ನೆ: ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ತಗೊಂಡು ಮೂರು ವಾರ ಆಯ್ತು. 1.5 ಟರ್ಬೊ ಪೆಟ್ರೋಲ್, ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್. ಓಡಿರುವುದು 640 ಕಿ.ಮೀ. ದಸರಾ ರಜೆಗೆ ಅಪ್ಪ, ಅಮ್ಮ, ಹೆಂಡತಿ, ಆರು ವರ್ಷದ ಮಗಳ ಜೊತೆ ಬೆಂಗಳೂರಿನಿಂದ ಉಡುಪಿ, ಮುರ್ಡೇಶ್ವರ, ಗೋಕರ್ಣ ಸುತ್ತಿ ಬರೋಣ ಅಂತಿದ್ದೇವೆ. ‘ಹೊಸ ಎಂಜಿನ್, ಲಾಂಗ್ ಬೇಡ. ಹಂಪ್‌ಗೆಲ್ಲ ತಳ ತಾಗುತ್ತೆ. ಎಸ್‌ಯುವಿ ಬಾಡಿಗೆಗೆ ತಗೊಳ್ಳಿ’ ಅಂತ ಮಾವ ಹೇಳ್ತಿದ್ದಾರೆ. ಹೋಗಬಹುದಾ? ವಾಪಸ್ ಆಗುಂಬೆ ಮೇಲೆ ಬರುವ ಆಸೆ ಬೇರೆ ಇದೆ.

ಉತ್ತರ: ಹೋಗಿ ಬನ್ನಿ. ಬಾಡಿಗೆ ಗಾಡಿ ಬೇಡ. ಮಾವ ಹೇಳಿದ್ದರಲ್ಲಿ ಅರ್ಧ ನಿಜ. ಅದು ಯಾವ ಅರ್ಧ ಅಂತ ಗೊತ್ತಿದ್ದರೆ ಸಾಕು.

ಕಾರಿನ ಹೆಸರು ಬದಲಾಗಿ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಸ್ಕೋಡಾ ಸ್ಲಾವಿಯಾ 1.5 ಇರಲಿ, ವರ್ನಾ ಟರ್ಬೊ ಇರಲಿ, ಉತ್ತರ ಹೆಚ್ಚುಕಮ್ಮಿ ಒಂದೇ.

ಮೊದಲು ಎಂಜಿನ್ ವಿಷಯ. ಹಿಂದೆಲ್ಲ ಹೊಸ ಗಾಡಿಯ ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಅಂತ ಚೀಟಿ ಅಂಟಿಸಿಕೊಂಡು ನಲವತ್ತರಲ್ಲಿ ಹೋಗುತ್ತಿದ್ದರು. ಮಾವನ ಭಯ ಬಂದಿರುವುದು ಅಲ್ಲಿಂದ. ಈಗಿನ ಎಂಜಿನ್‌ಗೆ ಅಷ್ಟು ಮಡಿ ಬೇಕಿಲ್ಲ. ಆದರೆ ಪೂರ್ತಿ ಬಿಟ್ಟೂ ಇಲ್ಲ. ಕಾರಿನ ಜೊತೆ ಕೊಟ್ಟ ದಪ್ಪ ಪುಸ್ತಕದಲ್ಲಿ ಹೇಳಿರುವುದಿಷ್ಟು: ಮೊದಲ 1,000 ಕಿ.ಮೀ. ಎಂಜಿನ್ ಅನ್ನು ಅದರ ಗರಿಷ್ಠ ಆರ್‌ಪಿಎಂನ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮೂರನೇ ಎರಡು ಭಾಗ ದಾಟಿಸಬೇಡಿ, ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಅಲ್ಲಿಂದ 1,500ರವರೆಗೆ ನಿಧಾನಕ್ಕೆ ಏರಿಸುತ್ತಾ ಹೋಗಿ. ಅಂದರೆ ನಿಮಗೆ ಸದ್ಯಕ್ಕೆ ನಾಲ್ಕು ಸಾವಿರ ಆರ್‌ಪಿಎಂ ಲಕ್ಷ್ಮಣರೇಖೆ ಅಂದುಕೊಳ್ಳಿ. ಏಳನೇ ಗೇರ್‌ನಲ್ಲಿ ನೂರರ ವೇಗಕ್ಕೆ ಈ ಎಂಜಿನ್ ಸುಮಾರು ಎರಡು ಸಾವಿರದ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ರೇಖೆಯಿಂದ ಬಹಳ ದೂರ.

ಈಗ ಲೆಕ್ಕ ಹಾಕಿ. ನೀವು ಓಡಿಸಿರುವುದು 640. ಶಿರಾಡಿ ಮೇಲೆ ಉಡುಪಿಗೆ ಸುಮಾರು 400. ಕೃಷ್ಣ ಮಠದ ಹತ್ತಿರ ಪಾರ್ಕಿಂಗ್ ಹುಡುಕುವ ಹೊತ್ತಿಗೆ ಮೀಟರ್ ಸಾವಿರ ದಾಟಿರುತ್ತದೆ. ಹೋಗುವಾಗ ಸಂಯಮ, ಬರುವಾಗ ಸ್ವಲ್ಪ ಸಲುಗೆ. ಅಷ್ಟೇ. ನನ್ನ ಕೇಳಿದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ತೆವಳಿಸಿ ಸಾವಿರ ಮುಗಿಸುವುದಕ್ಕಿಂತ ಹೀಗೆ ಹೆದ್ದಾರಿಯಲ್ಲಿ ಮುಗಿಸುವುದೇ ಎಂಜಿನ್‌ಗೆ ವಾಸಿ. ಒಂದೇ ಎಚ್ಚರ: ಕ್ರೂಸ್ ಕಂಟ್ರೋಲ್ ಹಾಕಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗಬೇಡಿ. ಎಂಬತ್ತು, ತೊಂಬತ್ತು, ನೂರು ಅಂತ ಬದಲಾಯಿಸುತ್ತಾ ಇರಿ. ಹೊಸ ಎಂಜಿನ್ ಮೊದಮೊದಲು ಆಯಿಲ್ ಸ್ವಲ್ಪ ಜಾಸ್ತಿ ಕುಡಿಯಬಹುದು. ಹೊರಡುವ ಹಿಂದಿನ ದಿನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ. ಹೊಸ ಬ್ರೇಕ್ ಪ್ಯಾಡ್ ಪಳಗಲು ಇನ್ನೂರು ಮುನ್ನೂರು ಕಿ.ಮೀ., ಹೊಸ ಟೈರಿಗೆ ಹಿಡಿತ ಬರಲು ಐನೂರು ಕಿ.ಮೀ. ಬೇಕು. ನೀವು ಎರಡನ್ನೂ ದಾಟಿದ್ದೀರಿ.

ಟೈರ್ ಅಂದಮೇಲೆ ಗಾಳಿ. ನನ್ನ ಕಾರು ಶೋರೂಮ್‌ನಿಂದ ಬಂದ ವಾರ ಸಣ್ಣ ಸಣ್ಣ ಗುಂಡಿಗೂ ಕುರ್ಚಿಯ ಕೆಳಗಿಂದ ಯಾರೋ ಗುದ್ದಿದ ಹಾಗಾಗುತ್ತಿತ್ತು. ಸಸ್ಪೆನ್ಷನ್ನೇ ಗಟ್ಟಿ, ಪರ್ಫಾರ್ಮೆನ್ಸ್ ಕಾರು ಅಂದರೆ ಹೀಗೇ ಅಂತ ನಾನೇ ಎಲ್ಲರಿಗೂ ಸಮಾಧಾನ ಹೇಳಿದ್ದೆ. ಬಂಕ್‌ನಲ್ಲಿ ಗಾಳಿ ಹಿಡಿಯುವ ಹುಡುಗ ಮೀಟರ್ ಹಚ್ಚಿ, ‘ಸಾರ್, ನಲವತ್ತೈದಿದೆ’ ಅಂದ. ಹೊಸ ಕಾರುಗಳನ್ನು ಕಾರ್ಖಾನೆಯಿಂದ ಸಾಗಿಸುವಾಗ ಗಾಳಿ ಜಾಸ್ತಿ ಹಾಕಿರುತ್ತಾರೆ. ಕೀಲಿ ಕೊಡುವ ಮೊದಲು ಇಳಿಸಬೇಕು. ಹೂವಿನ ಹಾರ, ಕೇಕು, ಫೋಟೊ ಎಲ್ಲ ಆಯಿತು, ಅದೊಂದು ಮರೆತಿದ್ದರು. ನೀವೂ ನೋಡಿಸಿ. ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲಿನ ಕಂಬದ ಮೇಲೆ, ಇಲ್ಲವೇ ಪೆಟ್ರೋಲ್ ಮುಚ್ಚಳದ ಒಳಗೆ ಚೀಟಿಯಲ್ಲಿ ಬರೆದಿರುತ್ತದೆ. ಅದರಲ್ಲಿ ಎರಡು ಲೆಕ್ಕ ಇರುತ್ತವೆ: ಕಡಿಮೆ ಜನಕ್ಕೆ ಒಂದು, ತುಂಬಿದ ಗಾಡಿಗೆ ಒಂದು. ನಿಮಗೆ ಬೇಕಾದ್ದು ಎರಡನೆಯದು. ಹೊರಡುವ ದಿನ ಬೆಳಿಗ್ಗೆ, ಟೈರು ತಣ್ಣಗಿದ್ದಾಗ ಹಾಕಿಸಿ. ಹಾಸನ ತಲುಪಿದ ಮೇಲೆ ಬಿಸಿ ಟೈರಿಗೆ ಮೀಟರ್ ಹಚ್ಚಿದರೆ ಎರಡು ಮೂರು ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಿಸಬೇಡಿ.

ಈಗ ಹಂಪ್. ಮಾವ ಗೆಲ್ಲುವುದು ಇಲ್ಲೇ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ. ಅಂತ ಶೋರೂಮ್‌ನಲ್ಲಿ ಹೇಳಿರುತ್ತಾರೆ. ಸುಳ್ಳಲ್ಲ. ಆದರೆ ಅದು ಖಾಲಿ ಕಾರಿನ ಅಳತೆ. ಐದು ಜನ ಕೂತು, 521 ಲೀಟರ್‌ನ ಡಿಕ್ಕಿ ತುಂಬಿದರೆ ಕಾರು ಕೂತುಬಿಡುತ್ತದೆ, ಅದರಲ್ಲೂ ಹಿಂಭಾಗ. ನಮ್ಮೂರ ಹಂಪ್‌ಗಳಿಗೆ ಯಾವ ಅಳತೆಯೂ ಇಲ್ಲ. ಊರಿನವರೇ ಜಲ್ಲಿ ಸುರಿದು ಮಾಡಿಕೊಂಡ ಹಂಪ್ ಆದರೆ ಹೊಟ್ಟೆ ತಾಗಿದ್ದೇ. ಡಿಕ್ಕಿ ದೊಡ್ಡದಿದೆ ಅಂತ ಪೂರ್ತಿ ತುಂಬುವ ಹಟ ಬೇಡ. ಭಾರದ ಸೂಟ್‌ಕೇಸ್‌ಗಳನ್ನು ಹಿಂದಿನ ಸೀಟಿಗೆ ಒತ್ತಿಕೊಂಡ ಹಾಗೆ ಒಳಗಡೆ ಇಡಿ, ಹಗುರ ಚೀಲ ಬಾಗಿಲ ಕಡೆ ಇರಲಿ. ಹಂಪ್ ಕಂಡಾಗ ಬ್ರೇಕ್ ಅದರ ಮೊದಲೇ ಮುಗಿಯಬೇಕು. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಮೂತಿ ಬಗ್ಗಿ ಬಂಪರ್ ತಾಗುತ್ತದೆ. ತೀರಾ ಎತ್ತರದ್ದಾದರೆ, ಎದುರು ಗಾಡಿ ಇಲ್ಲದಿದ್ದಾಗ ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಹತ್ತುವ ಹಾಗೆ ದಾಟಿಸಿ. ನಾಲ್ಕು ಪಥದ ರಸ್ತೆಯಲ್ಲಿ ಈ ಕಷ್ಟ ಇಲ್ಲ. ಇರುವುದು ಒಳದಾರಿಯಲ್ಲಿ, ದೇವಸ್ಥಾನದ ದಾರಿಯಲ್ಲಿ, ಹೋಮ್‌ಸ್ಟೇ ಗೇಟಿನ ಮುಂದಿನ ಇಳಿಜಾರಿನಲ್ಲಿ.

ಗುಂಡಿ ಇನ್ನೊಂದು ಕಥೆ. ನಿಮ್ಮದು 205/55 ಆರ್16 ಟೈರ್. 205ರ ಶೇಕಡಾ 55 ಅಂದರೆ ರಿಮ್‌ಗೂ ರಸ್ತೆಗೂ ನಡುವೆ ಇರುವ ರಬ್ಬರ್ ಬರೀ 11 ಸೆಂ.ಮೀ. ವೇಗದಲ್ಲಿ ಗುಂಡಿಗೆ ಇಳಿದರೆ ಪಕ್ಕದ ಗೋಡೆ ಉಬ್ಬುತ್ತದೆ, ಪಂಕ್ಚರ್ ಶಾಪಿನವನೂ ಏನೂ ಮಾಡಲಾರ. ಸ್ಪೇರ್ ಚಕ್ರ, ಜಾಕ್ ಎಲ್ಲಿವೆ ಅಂತ ಮನೆಯಲ್ಲೇ ಒಂದು ಸಲ ತೆಗೆದು ನೋಡಿಕೊಳ್ಳಿ. ಮಳೆಯಲ್ಲಿ ನಿಂತು, ಡಿಕ್ಕಿಯ ಸಾಮಾನೆಲ್ಲ ರಸ್ತೆಗೆ ಹಾಕಿ ಹುಡುಕುವ ಪಾಡು ಬೇಡ.

ಇನ್ನು ಘಾಟಿ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಅಲ್ಲಿಂದ ಮಾರನಹಳ್ಳಿ, ಗುಂಡ್ಯ ಅಂತ ಇಳಿದು ಕರಾವಳಿ ಸೇರುತ್ತೀರಿ. ದಸರಾ ಹೊತ್ತಿಗೂ ಮಳೆ ಇರಬಹುದು, ಗುಡ್ಡ ಜರಿದರೆ ದಾರಿ ಬಂದ್ ಮಾಡುತ್ತಾರೆ. ಹಿಂದಿನ ರಾತ್ರಿ ಸುದ್ದಿ ನೋಡಿಕೊಂಡೇ ಹೊರಡಿ. ಇಳಿಯುವಾಗ ಗೇರ್ ಲಿವರನ್ನು ಡಿಯಲ್ಲಿ (ಡ್ರೈವ್) ಬಿಟ್ಟು ಬರೀ ಬ್ರೇಕ್ ಮೇಲೆ ಇಳಿಯಬೇಡಿ. ಗೇರ್‌ಬಾಕ್ಸ್ ಅನ್ನು ಮ್ಯಾನ್ಯುವಲ್‌ಗೆ ಹಾಕಿ ಎರಡು ಇಲ್ಲವೇ ಮೂರನೇ ಗೇರ್‌ನಲ್ಲಿ ಹಿಡಿದುಕೊಳ್ಳಿ, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ.

ನಿಜವಾದ ಪರೀಕ್ಷೆ ಇರುವುದು ವಾಪಸ್ ಬರುತ್ತಾ ಯಾವುದೇ ಘಾಟಿ ಹತ್ತುವಾಗ, ಜಾಮ್‌ನಲ್ಲಿ. ಈ ಕಾರಿನ ಏಳು ಗೇರಿನ ಡಿಎಸ್‌ಜಿಯಲ್ಲಿ ಇರುವುದು ಎರಡು ಒಣ ಕ್ಲಚ್‌ಗಳು. ಅವನ್ನು ತಂಪು ಮಾಡಲು ಎಣ್ಣೆ ಇಲ್ಲ. ಮುಂದೆ ಗ್ಯಾಸ್ ಟ್ಯಾಂಕರ್‌ಗಳ ಸಾಲು, ನೀವು ಏರಿನಲ್ಲಿ ಅರ್ಧರ್ಧ ಅಡಿ ತೆವಳುತ್ತಿದ್ದೀರಿ ಅಂದುಕೊಳ್ಳಿ. ಆಗ ಕ್ಲಚ್ ಪೂರ್ತಿ ಕಚ್ಚಿಕೊಳ್ಳುವುದೇ ಇಲ್ಲ, ಜಾರುತ್ತಲೇ ಇರುತ್ತದೆ, ಬಿಸಿಯಾಗುತ್ತದೆ. ಕಾಲಿಗೆ ಏನೂ ಗೊತ್ತಾಗುವುದಿಲ್ಲ, ಆಟೊಮ್ಯಾಟಿಕ್ ಅಲ್ವಾ! ಹಾಗಾಗಿ ಮುಂದಿನ ಗಾಡಿ ಕದಲಿದ ಕೂಡಲೇ ನೀವೂ ಕದಲಬೇಡಿ. ಎರಡು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಂದೇ ಸಲ ಹೋಗಿ ನಿಲ್ಲಿ. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಇಲ್ಲವೇ ಹ್ಯಾಂಡ್‌ಬ್ರೇಕ್ ಎಳೆಯಿರಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡು ಏರಿನಲ್ಲಿ ಕಾರು ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಿಂದಿನವರು ಹಾರನ್ ಹೊಡೀತಾರೆ, ಹೊಡೀಲಿ. ಗೇರ್‌ಬಾಕ್ಸ್ ಬಿಸಿ ಅಂತ ಸ್ಕ್ರೀನ್ ಮೇಲೆ ಬಂದರೆ ಪಕ್ಕಕ್ಕೆ ಹಾಕಿ, ಪಿಯಲ್ಲಿಟ್ಟು ಕಾಯಿರಿ.

ಘಾಟಿ ಹತ್ತಿದ ಮೇಲೆ ಕಾಫಿಗೆ ನಿಲ್ಲಿಸುತ್ತೀರಲ್ಲ, ಆಗ ಎಂಜಿನ್ ಒಂದು ನಿಮಿಷ ಸುಮ್ನೆ ಓಡಲಿ. ಟರ್ಬೊ ತಣಿಯುತ್ತದೆ. ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಫ್ಯಾನ್ ಗುಂಯ್ ಅನ್ನುತ್ತಿದ್ದರೆ ಗಾಬರಿ ಬೇಡ.

ಇಷ್ಟೂ ಕಾರಿನ ಮಾತಾಯಿತು. ಆದರೆ ಈ ಪ್ರಯಾಣ ಕೆಡುವುದಾದರೆ ಕೆಡುವುದು ಹಿಂದಿನ ಸೀಟಿನಲ್ಲಿ. ಇದು ನನ್ನ ಅನುಭವದ ಮಾತು. ನನ್ನ ಟರ್ಬೊ ಕಾರಿನಲ್ಲಿ ಮೊದಲ ಸಲ ಶಿರಾಡಿ ಇಳಿದ ದಿನ ನಾನು ಖುಷಿಯಲ್ಲಿದ್ದೆ. ತಿರುವಿಗೆ ಮೊದಲು ಬ್ರೇಕ್, ತಿರುವು ಮುಗಿದ ಕೂಡಲೇ ಆಕ್ಸಿಲರೇಟರ್. ಕಾರು ಹಳಿ ಮೇಲೆ ಹೋದಂತೆ ಹೋಗುತ್ತಿತ್ತು. ಹಿಂದೆ ಅಮ್ಮ ಮಾತು ನಿಲ್ಲಿಸಿದ್ದನ್ನು ಗಮನಿಸಲೇ ಇಲ್ಲ. ಗುಂಡ್ಯದಲ್ಲಿ ನಿಲ್ಲಿಸಿದಾಗ ಇಳಿದು, ರಸ್ತೆ ಬದಿ ವಾಂತಿ ಮಾಡಿಕೊಂಡು, ಮುಖ ತೊಳೆದು, ಸೆರಗಲ್ಲಿ ಒರೆಸಿಕೊಂಡು ಅಂದರು: ‘ಕಾರು ಚೆನ್ನಾಗಿದೆ ಕಣೋ. ಬರೋವಾಗ ನಾನು ಬಸ್ಸಲ್ಲಿ ಬರ್ತೀನಿ.’

ಆಮೇಲೆ ನಾನು ಇಟ್ಟುಕೊಂಡ ಅಳತೆ ಒಂದೇ. ಒಳಗಿನ ಕನ್ನಡಿಯಲ್ಲಿ ಹಿಂದೆ ಕೂತವರ ತಲೆ ನೋಡುವುದು. ತಲೆ ಹಿಂದೆ ಮುಂದೆ ತೂಗಾಡುತ್ತಿದ್ದರೆ ನನ್ನ ಕಾಲು ಒರಟಾಗಿದೆ ಅಂತ ಅರ್ಥ. 150 ಪಿಎಸ್ ಪವರ್ ಇರುವ ಕಾರನ್ನು ತಲೆ ಅಲ್ಲಾಡದ ಹಾಗೆ ಓಡಿಸುವುದು ವೇಗವಾಗಿ ಓಡಿಸುವುದಕ್ಕಿಂತ ಕಷ್ಟ. ಒಂದೆರಡು ಗಂಟೆಯಲ್ಲಿ ಅದರಲ್ಲೂ ಒಂದು ಮಜಾ ಸಿಗುತ್ತದೆ.

ಸೀಟಿನ ಹಂಚಿಕೆ ಮನೆಯಲ್ಲೇ ಮಾಡಿಕೊಳ್ಳಿ. ಸೆಡಾನ್ ಸೀಟು ತಗ್ಗು. ಮಂಡಿನೋವು ಇರುವವರು ಮೊದಲು ಕೂತು, ಆಮೇಲೆ ಎರಡೂ ಕಾಲು ಒಳಗೆ ತಂದುಕೊಂಡರೆ ಸುಲಭ. ಅಪ್ಪ ಮುಂದೆ ಕೂರಲಿ. ಮಗಳಿಗೆ ಬೂಸ್ಟರ್ ಸೀಟು ಕಿಟಕಿ ಪಕ್ಕ. ಆಮೇಲೆ ಉಳಿಯುವುದು ನಡುವಿನ ಸೀಟು, ಕಾಲಡಿಯಲ್ಲಿ ದಿಣ್ಣೆ ಇರುವ ಸೀಟು. ನಮ್ಮ ಮನೆಗಳಲ್ಲಿ ಅದು ಯಾವಾಗಲೂ ಹೆಂಡತಿಗೇ ಸಿಗುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಅವರಿಗೂ ಡ್ರೈವಿಂಗ್ ಬಂದರೆ ಹಾಸನದವರೆಗೆ ಸ್ಟೀರಿಂಗ್ ಅವರಿಗೆ ಕೊಟ್ಟು ನೀವು ನಡುವೆ ಕೂತು ನೋಡಿ. ಚಪಾತಿ, ಚಿತ್ರಾನ್ನದ ಸ್ಟೀಲ್ ಡಬ್ಬಿಗಳನ್ನು ಹಿಂದಿನ ಗಾಜಿನ ಕೆಳಗಿನ ಹಲಗೆ ಮೇಲೆ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಅವು ನೇರ ತಲೆಗೆ ಬರುತ್ತವೆ.

‘ಹಾಗಾದರೆ ಇಷ್ಟು ದುಡ್ಡು ಕೊಟ್ಟು ಪವರ್ ತಗೊಂಡಿದ್ದು ಯಾಕೆ?’ ಅಂತ ಕೇಳಬಹುದು. ಓವರ್‌ಟೇಕ್‌ಗೆ. 250 ಎನ್‌ಎಂ ಟಾರ್ಕ್ (ಎಳೆಯುವ ಬಲ) 1,600 ಆರ್‌ಪಿಎಂನಿಂದಲೇ ಸಿಗುತ್ತದೆ. ಎರಡು ಪಥದ ರಸ್ತೆಯಲ್ಲಿ ಲಾರಿ ಪಕ್ಕ ಕಳೆಯುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಆದರೆ ಡಿಯಲ್ಲಿ ಒಮ್ಮೆಲೇ ಒತ್ತಿದರೆ ಗೇರ್‌ಬಾಕ್ಸ್ ಅರೆಕ್ಷಣ ಯೋಚನೆ ಮಾಡುತ್ತದೆ. ಬಲಕ್ಕೆ ಬರುವ ಮೊದಲೇ ಎಸ್‌ಗೆ (ಸ್ಪೋರ್ಟ್) ಹಾಕಿ, ಅಥವಾ ಒಂದು ಗೇರ್ ಇಳಿಸಿಕೊಂಡು ಹೊರಡಿ. ಪವರ್ ಉಪಯೋಗಕ್ಕೆ ಬಾರದ ಜಾಗ ಅಂದರೆ ನೆಲಮಂಗಲ–ಹಾಸನದ ನೇರ ರಸ್ತೆ. 150 ಕಿ.ಮೀ. ದಾರಿಯನ್ನು ನೂರರಲ್ಲಿ ಹೋದರೆ 90 ನಿಮಿಷ, 120ರಲ್ಲಿ ಹೋದರೆ 75. ಉಳಿದದ್ದು ಕಾಲು ಗಂಟೆ. ಅದನ್ನು ಮೊದಲ ಟೋಲ್‌ನ ಸಾಲೇ ತಿಂದುಹಾಕುತ್ತದೆ.

ಟೋಲ್ ಅಂದಾಗ ನೆನಪಾಯಿತು. ಹೊಸ ಕಾರಿನ ಫಾಸ್ಟ್‌ಟ್ಯಾಗ್ ಚಾಸಿ ನಂಬರ್ ಮೇಲೆ ಬಂದಿರುತ್ತದೆ. ನಂಬರ್ ಪ್ಲೇಟ್ ಬಂದಿದ್ದರೆ ಆ ನಂಬರನ್ನು ಸೇರಿಸಿಯೇ ಹೊರಡಿ.

ಉಡುಪಿಯಿಂದ ಮುಂದೆ ಕುಂದಾಪುರ, ಮರವಂತೆ, ಬೈಂದೂರು, ಭಟ್ಕಳ. ರಾಷ್ಟ್ರೀಯ ಹೆದ್ದಾರಿ 66. ಅಗಲ ರಸ್ತೆ, ಆದರೆ ಅಡ್ಡ ಬರುವ ದನ, ತಪ್ಪು ದಿಕ್ಕಿನಲ್ಲಿ ಬರುವ ಸ್ಕೂಟರ್ ಎರಡೂ ಇವೆ. ಕತ್ತಲಾದ ಮೇಲೆ ಓಡಿಸಬೇಡಿ. ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸಿನ ಜೊತೆ ಪೈಪೋಟಿಯಂತೂ ಬೇಡವೇ ಬೇಡ, ನಿಮ್ಮ ಕಾರು ಸೋಲುತ್ತದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಲ್ಲಿ ಎಲ್ಲರೂ ನಿಲ್ಲಿಸುತ್ತಾರೆ, ನೀವೂ ನಿಲ್ಲಿಸಿ. ಮರಳಿಗೆ ಮಾತ್ರ ಕಾರು ಇಳಿಸಬೇಡಿ. ಮುಂದಿನ ಚಕ್ರಕ್ಕೆ ಪವರ್ ಇರುವ ಭಾರದ ಕಾರು, ಒತ್ತಿದಷ್ಟೂ ಹೂತುಕೊಳ್ಳುತ್ತದೆ.

ಕೊನೆಗೆ ನಿಮ್ಮ ಆಗುಂಬೆ. ಹದಿನಾಲ್ಕು ತಿರುವನ್ನು ನಿಮ್ಮ ಕಾರು ಆರಾಮಾಗಿ ಹತ್ತುತ್ತದೆ, ಪ್ರಶ್ನೆ ಅದಲ್ಲ. ಗೋಕರ್ಣದಿಂದ ಆಗುಂಬೆಗೆ ಬರಬೇಕಾದರೆ ಬಂದ ದಾರಿಯಲ್ಲೇ ಉಡುಪಿ ಕಡೆಗೆ ಇಳಿದು, ಹೆಬ್ರಿ ಮೇಲೆ ಹತ್ತಬೇಕು. ನೂರು ಕಿ.ಮೀ.ಗೂ ಜಾಸ್ತಿ ಹಿಂದಕ್ಕೆ ಹೋದ ಹಾಗೆ. ಅದರ ಬದಲು ಹೊನ್ನಾವರದಲ್ಲಿ ತಿರುಗಿ, ಗೇರುಸೊಪ್ಪೆ ಮೇಲೆ ಶರಾವತಿ ಕಣಿವೆಯಲ್ಲಿ ಹತ್ತಿ ಸಾಗರ, ಶಿವಮೊಗ್ಗ ಅಂತ ಬನ್ನಿ. ಅದೂ ತಿರುವಿನ ದಾರಿಯೇ, ಕಾಡೂ ದಟ್ಟ. ಆ ಹೊತ್ತಿಗೆ ನಿಮ್ಮ ಮೀಟರ್ 1,200 ದಾಟಿರುತ್ತದೆ, ಎಂಜಿನ್‌ಗೂ ಸ್ವಲ್ಪ ಸಲುಗೆ ಕೊಡಬಹುದು. ಕನ್ನಡಿಯಲ್ಲಿ ಅಮ್ಮನ ತಲೆ ನೋಡಿಕೊಂಡು. ಜೋಗ ಅದೇ ದಾರಿಯಲ್ಲಿ ಸಿಗುತ್ತದೆ. ಮಳೆಗಾಲ ಆಗಷ್ಟೇ ಮುಗಿದಿರುವುದರಿಂದ ನೀರೂ ಇರುತ್ತದೆ, ಮಗಳಿಗೆ ತೋರಿಸಿ.