ಧೂಳಿನ ಹಿಂದೆ ಅಡಗಿದ ಮುದಿ ನಕ್ಷತ್ರಗಳು

1960ರ ದಶಕದ ಮಧ್ಯದಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಒಂದು ವಿಚಿತ್ರ ದೂರದರ್ಶಕ ಕೆಲಸ ಶುರು ಮಾಡಿತು. ಅದರ ಕನ್ನಡಿ ಗಾಜಿನದಲ್ಲ. ಅಗಲವಾದ ಲೋಹದ ತಟ್ಟೆಗೆ ದ್ರವರೂಪದ ಎಪಾಕ್ಸಿ ಎಂಬ ರಾಳ ಸುರಿದು, ಗಟ್ಟಿಯಾಗುವ ತನಕ ಒಂದೇ ವೇಗದಲ್ಲಿ ತಿರುಗಿಸಿದ್ದರು. ತಿರುಗುವ ದ್ರವ ನಡುವೆ ತಗ್ಗಿ, ಅಂಚಿನಲ್ಲಿ ಏರುತ್ತದಲ್ವಾ? ಬೇಕಾದ ಬಾಗು ತಾನಾಗಿಯೇ ಬಂತು. ವಿಜ್ಞಾನಿಗಳಾದ ಗೆರಿ ನ್ಯೂಗೆಬಾವರ್ ಮತ್ತು ರಾಬರ್ಟ್ ಲೇಟನ್ ಇದರಿಂದ 2.2 ಮೈಕ್ರಾನ್ ತರಂಗಾಂತರದ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಆಕಾಶ ಜಾಲಾಡಿದರು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 1969ರಲ್ಲಿ ಸುಮಾರು 5,600 ಆಕರಗಳ ಪಟ್ಟಿ ಹೊರಬಂತು.

ಅದರಲ್ಲಿ ಐಆರ್‌ಸಿ+10216 ಎಲ್ಲರನ್ನೂ ದಂಗುಬಡಿಸಿತು. ಮಾಮೂಲಿ ಬೆಳಕಿನಲ್ಲಿ ತೀರಾ ಮಸುಕು. ಆದರೆ 5 ಮೈಕ್ರಾನ್‌ನಲ್ಲಿ ಸೌರಮಂಡಲದಾಚೆ ಅದಕ್ಕಿಂತ ಪ್ರಕಾಶಮಾನವಾದುದು ಇನ್ನೊಂದಿಲ್ಲ! ಇದೊಂದು ಮುದಿ ನಕ್ಷತ್ರ. ಅಂಥ ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗುತ್ತದೆ. ಧೂಳು ನಕ್ಷತ್ರದ ಬೆಳಕನ್ನು ನುಂಗಿ, ಬಿಸಿಯಾಗಿ, ಅದನ್ನೇ ಇನ್‌ಫ್ರಾರೆಡ್ ಆಗಿ ಹೊರಬಿಡುತ್ತದೆ.

ಧೂಳು ಯಾವುದರದ್ದು? ನನಗೆ ಈ ಕತೆಯಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದು. ಕಾರ್ಬನ್ ಮತ್ತು ಆಕ್ಸಿಜನ್ ಸಿಕ್ಕಿದ ಕೂಡಲೇ ಜೋಡಿಯಾಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತವೆ. ಆ ಜೋಡಿ ಸುಲಭಕ್ಕೆ ಬಿಡುವುದಿಲ್ಲ. ಹೀಗಾಗಿ ಎರಡರಲ್ಲಿ ಯಾವುದು ಮಿಕ್ಕುತ್ತದೋ ಅದೇ ಧೂಳಿನ ಜಾತಿ ತೀರ್ಮಾನಿಸುತ್ತದೆ. ಆಕ್ಸಿಜನ್ ಮಿಕ್ಕರೆ ಸಿಲಿಕೇಟ್, ಅಂದರೆ ಕಲ್ಲಿನ ಪುಡಿ. ಕಾರ್ಬನ್ ಮಿಕ್ಕರೆ ಮಸಿ, ಜೊತೆಗೆ ಸಿಲಿಕಾನ್ ಕಾರ್ಬೈಡ್. ಬೆಳಕನ್ನು ತರಂಗಾಂತರವಾರು ಬಿಡಿಸಿ ನೋಡಿದರೆ, ಸಿಲಿಕೇಟ್ 10 ಮೈಕ್ರಾನ್ ಹತ್ತಿರ ಉಬ್ಬು ತೋರಿಸುತ್ತದೆ, ಕಾರ್ಬೈಡ್ 11.3ರ ಹತ್ತಿರ. ಇಷ್ಟು ಸಣ್ಣ ಅಂತರದಲ್ಲೇ ಎರಡು ಜಾತಿಯ ಗುರುತು ಸಿಗುತ್ತದೆ.

ನೆಲದಿಂದ ನೋಡುವುದಕ್ಕೆ ಮಿತಿಯಿತ್ತು. ನಮ್ಮ ವಾತಾವರಣ ಈ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಮೇಲಾಗಿ, ಬೆಚ್ಚಗಿನ ದೂರದರ್ಶಕವೇ ಇನ್‌ಫ್ರಾರೆಡ್ ಸೂಸುತ್ತದೆ. 1983ರಲ್ಲಿ ಹಾರಿದ ಐರಾಸ್ ಉಪಗ್ರಹ ದ್ರವ ಹೀಲಿಯಂನಿಂದ ತಣ್ಣಗಿದ್ದು, 12ರಿಂದ 100 ಮೈಕ್ರಾನ್‌ವರೆಗೆ ಆಕಾಶ ಅಳೆಯಿತು. ಹೀಲಿಯಂ ಮುಗಿದಾಗ ಕೆಲಸವೂ ಮುಗಿಯಿತು, ಹತ್ತೇ ತಿಂಗಳಿಗೆ. ಆದರೆ ಆ ದತ್ತಾಂಶ ವರ್ಷಗಟ್ಟಲೆ ಊಟ ಹಾಕಿತು. 1995ರಲ್ಲಿ ಹಾರಿದ ಐಎಸ್‌ಒ ಎಂಬ ಇನ್‌ಫ್ರಾರೆಡ್ ಉಪಗ್ರಹ ಕೆಲವು ನಕ್ಷತ್ರಗಳ ಸುತ್ತ ಹರಳುಗಟ್ಟಿದ ಸಿಲಿಕೇಟನ್ನೂ ಕಂಡುಹಿಡಿಯಿತು.

ಐರಾಸ್ ಬಿಟ್ಟುಹೋದ ಒಂದು ತಲೆನೋವು ಮಾತ್ರ ಹಾಗೇ ಇದೆ. ಕಾರ್ಬನ್ ಜಾಸ್ತಿ ಇರುವ ಕೆಲವೇ ಕೆಲವು ಮುದಿ ನಕ್ಷತ್ರಗಳಲ್ಲಿ 21 ಮೈಕ್ರಾನ್ ಹತ್ತಿರ ಒಂದು ಉಬ್ಬಿದೆ ಎಂದು 1989ರಲ್ಲಿ ವರದಿಯಾಯಿತು. ಟೈಟಾನಿಯಂ ಕಾರ್ಬೈಡ್ ಇರಬಹುದು ಎಂದು ಕೆಲವರು ವಾದಿಸಿದರು. ಉಳಿದವರು ಲೆಕ್ಕ ಹಾಕಿ ನೋಡಿದರು: ಅಷ್ಟು ಟೈಟಾನಿಯಂ ಆ ನಕ್ಷತ್ರಗಳಲ್ಲಿ ಇಲ್ಲವೇ ಇಲ್ಲ.