ವೈಸ್ ಸಿಟಿ: ನಾವು ಹತ್ತಿದ ಕಾರೇ ರಸ್ತೆ ತುಂಬಾ ಯಾಕೆ?

ಪ್ರಶ್ನೆ: ಜಿಟಿಎ ಸರಣಿಯ ‘ವೈಸ್ ಸಿಟಿ’ ವಿಡಿಯೊ ಗೇಮಿನಲ್ಲಿ ಇನ್ಫರ್ನಸ್ ಎಂಬ ಸ್ಪೋರ್ಟ್ಸ್ ಕಾರನ್ನು ಹುಡುಕಿ ಹುಡುಕಿ ಸಾಕಾಗುತ್ತದೆ. ಒಂದು ಸಿಕ್ಕಿ ಹತ್ತಿದ್ದೇ ತಡ, ಮುಂದಿನ ಸಿಗ್ನಲ್ಲಿನಲ್ಲೇ ಇನ್ನೆರಡು ನಿಂತಿರುತ್ತವೆ. ಗೇಮ್ ನಮ್ಮನ್ನು ಸತಾಯಿಸುತ್ತಿದೆಯೇ?

ಉತ್ತರ: ಸತಾಯಿಸುತ್ತಿಲ್ಲ, ಜಾಗ ಸಾಲದೆ ಒದ್ದಾಡುತ್ತಿದೆ. 2002ರಲ್ಲಿ ಇದು ಮೊದಲು ಬಂದದ್ದು ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರಕ್ಕೆ. ಅದರ ಮುಖ್ಯ ಮೆಮೊರಿ ಬರೀ 32 ಎಂಬಿ. ಈಗಿನ ಫೋನಿನ ಏಳೆಂಟು ಫೋಟೊಗೇ ಅದು ತುಂಬಿಹೋದೀತು! ರಸ್ತೆ, ಕಟ್ಟಡ, ದಾರಿಹೋಕರು, ಮಿಷನ್ನು ಎಲ್ಲಕ್ಕೂ ಅದರಲ್ಲೇ ಪಾಲು. ಹೀಗಾಗಿ ಇಡೀ ಊರಿನ ಕಾರುಗಳಲ್ಲಿ ಕೆಲವೇ ಮಾಡೆಲ್‌ಗಳು ಒಂದು ಹೊತ್ತಿಗೆ ಲೋಡ್ ಆಗಿರುತ್ತವೆ. ಉಳಿದವು ಡಿವಿಡಿಯಲ್ಲಿ. ರೇಡಿಯೊ ಹಾಡೂ ಅದೇ ಡಿವಿಡಿಯಿಂದಲೇ ಬರಬೇಕು, ಪಾಪ.

ಟ್ರಾಫಿಕ್ ಹುಟ್ಟಿಸುವಾಗ ಗೇಮ್ ಈ ಲೋಡ್ ಆದ ಪಟ್ಟಿಗೇ ಕೈ ಹಾಕುತ್ತದೆ. ಬೇರೆ ಮಾಡೆಲ್‌ಗಳನ್ನು ಆಗಾಗ ಹೊರಹಾಕಿ ಹೊಸದು ತರಬಹುದು, ಆದರೆ ನೀವು ಕೂತಿರುವ ಕಾರನ್ನು ಹೊರಹಾಕುವಂತಿಲ್ಲ. ಇಳಿಯುವವರೆಗೂ ಇನ್ಫರ್ನಸ್ ಪಟ್ಟಿಯಲ್ಲೇ ಇರುತ್ತದೆ, ಆ ಬಡಾವಣೆಯ ಟ್ರಾಫಿಕ್‌ಗೆ ಹೊಂದಿದರೆ ಮತ್ತೆ ಮತ್ತೆ ಬರುತ್ತದೆ. ಗಮನಿಸಿ, ಒಂದು ಕೆಂಪಗಿದ್ದರೆ ಇನ್ನೊಂದು ಹಳದಿ. ಬಣ್ಣ ಬಳಿಯುವುದಕ್ಕೆ ಹೊಸ ಮಾಡೆಲ್ ಬೇಡ, ಖರ್ಚಿಲ್ಲದ ವೈವಿಧ್ಯ ಅದು.

2003ರ ಪಿಸಿ ಆವೃತ್ತಿಗೆ ಕನಿಷ್ಠ 128 ಎಂಬಿ ರ‍್ಯಾಮ್ ಸಾಕಿತ್ತು. ಜಾಗ ಹೆಚ್ಚಿದ್ದಲ್ಲಿ ಮಾಡೆಲ್‌ಗಳೂ ಹೆಚ್ಚು ಲೋಡ್ ಆಗುತ್ತವೆ, ಆದರೆ ಆಯ್ಕೆಯ ಪದ್ಧತಿ ಅದೇ.

ಇದು ಸನ್‌ಶೈನ್ ಆಟೋಸ್‌ನಲ್ಲಿ ತಲೆನೋವು. ಅದು ಗೇಮಿನೊಳಗಿನ ಕಾರು ಅಂಗಡಿ, ಪಟ್ಟಿಯಲ್ಲಿರುವ ವಾಹನಗಳನ್ನು ಹುಡುಕಿ ತಂದು ಅದರ ಗ್ಯಾರೇಜಿಗೆ ಕೊಡಬೇಕು. ಅಲ್ಲಿ ನಾಲ್ಕು ಪಟ್ಟಿ, ಒಂದೊಂದರಲ್ಲಿ ಆರು ವಾಹನ. ಮೂರನೆಯದು ಸ್ಪೋರ್ಟ್ಸ್ ಕಾರುಗಳದ್ದು. ಇನ್ಫರ್ನಸ್ ಕೊಟ್ಟಾಯಿತು, ಅದೇ ಪಟ್ಟಿಯ ಸ್ಟಿಂಗರ್ ಬೇಕು ಎಂದುಕೊಂಡು ಇನ್ನೊಂದು ಇನ್ಫರ್ನಸ್‌ನಲ್ಲೇ ಸುತ್ತಿದರೆ ಮೆಮೊರಿಯಲ್ಲಿ ಲೋಡ್ ಆದ ಮಾಡೆಲ್‌ಗಳ ಪಟ್ಟಿಯ ಒಂದು ಜಾಗವನ್ನು ನೀವೇ ಹಿಡಿದಿಟ್ಟಂತೆ. ಅದರ ಬದಲು ಬೈಕ್ ಹತ್ತಿ, ಆ ಏರಿಯಾ ಬಿಟ್ಟು ದೂರ ಹೋಗಿ, ಸೇತುವೆ ದಾಟಿ ಬನ್ನಿ. ಸೇತುವೆಯ ಮೇಲೆ ಲೋಡಿಂಗ್ ಪರದೆ ಬಂತೆಂದರೆ ಊರಿನ ಆಚೆ ದ್ವೀಪವನ್ನು ಮೆಮೊರಿಗೆ ತರುತ್ತಿದೆ ಎಂದೇ ಅರ್ಥ. ನಾಲ್ಕನೇ ಪಟ್ಟಿಯಲ್ಲಿ ಅದೃಷ್ಟದ ಮಾತೇ ಕಡಿಮೆ: ವೂಡೂ ಕಾರಿಗೆ ಲಿಟಲ್ ಹೈಟಿ ಬಡಾವಣೆ, ಕ್ಯೂಬನ್ ಹರ್ಮಿಸ್ ಕಾರಿಗೆ ಲಿಟಲ್ ಹವಾನಾ ಬಡಾವಣೆ, ಲಗೇಜು ಎಳೆಯುವ ಬ್ಯಾಗೇಜ್ ಹ್ಯಾಂಡ್ಲರ್ ಗಾಡಿಗೆ ಏರ್‌ಪೋರ್ಟ್.

ಒಂದು ಎಚ್ಚರಿಕೆ: ಅಪರೂಪದ ಕಾರು ಕಂಡಾಗ ಕ್ಯಾಮೆರಾ ತಿರುಗಿಸಬೇಡಿ. ಪರದೆಯಾಚೆ ಹೋದ ಟ್ರಾಫಿಕ್ ಕಾರನ್ನು ಗೇಮ್ ಬಹಳ ಬೇಗ ಅಳಿಸಿಬಿಡುತ್ತದೆ. ಹತ್ತಿರ ಹೋಗುವವರೆಗೂ ಅದರ ಮೇಲೇ ಕಣ್ಣಿರಲಿ, ಹತ್ತಿದ ಮೇಲೆ ನೇರ ಗ್ಯಾರೇಜಿಗೆ.